ಲೋಮೊಯಾ ಹುಲ್ಲುಗಾವಲಿನ ಟ್ರ್ಯಾಕ್ಟರ್

ಲೋಮೊಯಾ ದ್ವೀಪ, 8 ಏಪ್ರಿಲ್ 2018

ಐಲಿಫ್,

ನಿನ್ನೆ ಫೆರಿಯಿಂದ ಇಳಿದದ್ದು ನಮ್ಮ ಟ್ರ್ಯಾಕ್ಟರ್ ಅಲ್ಲ. ಬಣ್ಣ ಅದೇ ಬೂದು, ಸೀಟು ಅದೇ, ಎಡಗಡೆಯ ಮಡ್‌ಗಾರ್ಡಿನಲ್ಲಿ ನಮ್ಮಪ್ಪ ಗೇಟಿಗೆ ಗುದ್ದಿ ಮಾಡಿದ ತಗ್ಗೂ ಅಲ್ಲೇ ಇದೆ. ಆದರೆ ಇಂಜಿನ್ ಇರಬೇಕಾದ ಜಾಗದಲ್ಲಿ ಒಂದು ಕಬ್ಬಿಣದ ಪೆಟ್ಟಿಗೆ, ಅದರಿಂದ ಹೊರಟ ಕಿತ್ತಳೆ ಬಣ್ಣದ ವೈರುಗಳು. ಫೆರಿಯಲ್ಲಿ ಕೆಲಸ ಮಾಡುವ ಯೋಸ್ಟೈನ್ ಅದನ್ನು ದಕ್ಕೆಗೆ ಓಡಿಸಿಕೊಂಡು ಬಂದ. ಸದ್ದೇ ಇಲ್ಲದ್ದರಿಂದ ಅದು ಹತ್ತಿರ ಬರುವವರೆಗೂ ನಾನು ಬೆನ್ನು ತಿರುಗಿಸಿ ನಿಂತಿದ್ದೆ.

"ಏನ್ ತೂರ್ಗುನ್, ನಿಮ್ ಟ್ರ್ಯಾಕ್ಟರ್ ಸತ್ತು ದೆವ್ವ ಆಗಿದ್ಯಾ? ನಡೀತದೆ, ಉಸಿರೇ ಬಿಡಲ್ಲ" ಅಂದ.

ದಕ್ಕೆಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ನನ್ನ ಸ್ವಂತ ಗಾಡಿಯ ಇಂಜಿನ್ ಹೋಗಿರುವುದು ನನಗೇ ಗೊತ್ತಿಲ್ಲ ಎಂದು ಅವರಿಗೆ ತಿಳಿಯುವುದು ಬೇಡವಾಗಿತ್ತು.

ಫೋನ್ ಮಾಡೋಣವೆಂದರೆ, ನಲವತ್ತು ವರ್ಷ ಹಡಗಿನ ಇಂಜಿನ್ ಕೋಣೆಯಲ್ಲಿ ಕಳೆದು ನಿನ್ನ ಕಿವಿ ಹೋಗಿದೆ. ಕಿರುಚಿ ಹೇಳಿದರೂ ನಿನಗೆ ಬೇಕಾದದ್ದಷ್ಟೇ ಕೇಳುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ನಿನಗೆ ಕೇಳುವುದಿಲ್ಲವೆಂದು ಟ್ರ್ಯಾಕ್ಟರಿನ ಬಾಯಿಯನ್ನೂ ಮುಚ್ಚಿಸಬೇಕಿತ್ತೆ?

ಇದು 1954ರಲ್ಲಿ ನಿಮ್ಮಪ್ಪ ಮತ್ತು ನಮ್ಮಪ್ಪ ಅರ್ಧರ್ಧ ಹಾಕಿ ಕೊಂಡ ಗಾಡಿ. ಸಮುದ್ರದ ಈಚೆ ದಡಕ್ಕೂ ಆಚೆ ದಡಕ್ಕೂ ಒಂದೇ ಟ್ರ್ಯಾಕ್ಟರ್. ಅವರು ಮಾಡಿಕೊಂಡ ಕರಾರು ಎರಡೇ. ಸರದಿ ಮುಗಿದ ಮೇಲೆ ಬರುವ ಮೊದಲ ಶನಿವಾರ ಅದು ಫೆರಿ ಹತ್ತಬೇಕು, ಮತ್ತು ಟ್ಯಾಂಕ್ ತುಂಬಿಸಿಯೇ ಹತ್ತಬೇಕು. ಇಂಜಿನ್ ಕಿತ್ತುಹಾಕುವ ಮುಂಚೆ ಇನ್ನೊಬ್ಬರನ್ನು ಕೇಳಬೇಕು ಎಂದು ಅವರು ಹೇಳಲಿಲ್ಲ, ನಿಜ. ಹಾಗೆ ಹೇಳಿಡಬೇಕಾಗುತ್ತದೆ ಎಂದು ಅವರಿಗೆ ಹೊಳೆದಿರಲಾರದು.

ನಿನಗೆ ಮರೆತಿದ್ದರೆ ಹೇಳುತ್ತೇನೆ. ನನ್ನ ಕೊಟ್ಟಿಗೆಯಲ್ಲಿ ಚಳಿಗಾಲ ಕಳೆಯುವ ಕುರಿಗಳು ನಲವತ್ತು. ಅವುಗಳ ಮೇವಿನಲ್ಲಿ ಅರ್ಧ ಬರುವುದು ಹೊರಗಿನ ಹುಲ್ಲುಗಾವಲಿನಿಂದ. ಅಲ್ಲಿಗೆ ಹೋಗುವ ಕಲ್ಲಿನ ಸೇತುವೆ ಈಗಿನ ನಾಲ್ಕು ಟನ್ನಿನ ಟ್ರ್ಯಾಕ್ಟರುಗಳನ್ನು ತಾಳುವುದಿಲ್ಲ. ಈ ಪುಟ್ಟ ಗಾಡಿ ಹೋಗದಿದ್ದರೆ ಅಲ್ಲಿ ಹುಲ್ಲು ಕೊಯ್ಯಲು ಬೇರೆ ದಾರಿ ಇಲ್ಲ. ಹುಲ್ಲಿಲ್ಲದಿದ್ದರೆ ಕುರಿ ಇಲ್ಲ.

ಜುಲೈಗೆ ಮುಂಚೆ ಇಂಜಿನ್ ವಾಪಸ್ ಕೂರಿಸು.

ತೂರ್ಗುನ್


ಸ್ಕಾರ್ವಿಕ್, 16 ಏಪ್ರಿಲ್ 2018

ತೂರ್ಗುನ್,

ನಿನ್ನ ಪತ್ರವನ್ನು ಎರಡು ಸಲ ಓದಿದೆ. ಬೈಗುಳ ತೆಗೆದರೆ ಅದರಲ್ಲಿ ಉಳಿಯುವುದು ಒಂದೇ ಪ್ರಶ್ನೆ: ಯಾಕೆ ಕೇಳಲಿಲ್ಲ? ಕೇಳಿದ್ದರೆ ನೀನು ಬೇಡ ಅನ್ನುತ್ತಿದ್ದೆ. ಅದಕ್ಕೇ ಕೇಳಲಿಲ್ಲ.

ಆ ಇಂಜಿನ್ ನಾಲ್ಕು ವರ್ಷದಿಂದ ಸೀಮೆಎಣ್ಣೆಗಿಂತ ಹೆಚ್ಚು ಆಯಿಲ್ ಕುಡಿಯುತ್ತಿತ್ತು. ಮೂರನೆಯ ಸಿಲಿಂಡರ್ ಹೆಸರಿಗೆ ಮಾತ್ರ ಇತ್ತು. ಅದನ್ನು ಹೊಡೆದು ಹೊಡೆದು ಎಬ್ಬಿಸುವುದು ನಿನಗೆ ಪೂಜೆಯಿದ್ದ ಹಾಗೆ. ನನಗಲ್ಲ. ಈ ಗಾಡಿಯಲ್ಲಿ ಇಂಜಿನ್ನೇ ಬೆನ್ನೆಲುಬು, ಅದನ್ನು ತೆಗೆದರೆ ಮುಂದಿನ ಚಕ್ರಗಳಿಗೆ ಆಧಾರವಿಲ್ಲ. ಹಾಗಾಗಿ ದಪ್ಪ ಉಕ್ಕಿನಲ್ಲಿ ಒಂದು ಚೌಕಟ್ಟು ಕಟ್ಟಿ, ಹಳೆಯ ಫೋರ್ಕ್‌ಲಿಫ್ಟಿನ ಮೋಟಾರನ್ನು ಗೇರ್‌ಬಾಕ್ಸಿಗೆ ಸೇರಿಸಿದ್ದೇನೆ. ಬ್ಯಾಟರಿಯ ಸೆಲ್‌ಗಳು ಅಪಘಾತವಾದ ಒಂದು ಎಲೆಕ್ಟ್ರಿಕ್ ಕಾರಿನವು. ಒಟ್ಟು ತೂಕ ಮೊದಲಿಗಿಂತ ಅರವತ್ತು ಕಿಲೋ ಹೆಚ್ಚು, ಅಂದರೆ ಅರ್ಧ ಯೋಸ್ಟೈನ್ ನಿನ್ನ ಪಕ್ಕದಲ್ಲಿ ಕುಳಿತಷ್ಟು. ಸೇತುವೆಗೆ ಏನೂ ಆಗುವುದಿಲ್ಲ.

ಅಡುಗೆಮನೆಯ ಕರೆಂಟ್ ಒಲೆಗೆ ಇರುವಂಥ ಪ್ಲಗ್ಗಿಗೇ ಹಾಕಿ ಚಾರ್ಜ್ ಮಾಡು. ಹಸಿರು ದೀಪ ಬಂದರೆ ಚಾರ್ಜ್ ಆಗುತ್ತಿದೆ. ಕೆಂಪು ಬಂದರೆ ಕಾಯಬೇಕು. ಉಳಿದದ್ದು ನಿನಗೆ ಬೇಡದ ತಲೆನೋವು.

ಹಳೆಯ ಇಂಜಿನ್‌ಗೆ ಗ್ರೀಸ್ ಬಳಿದು ಮರದ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ಅದರ ಚಿಂತೆ ಬಿಡು.

ಐಲಿಫ್


ಲೋಮೊಯಾ, 10 ಜೂನ್ 2018

ಐಲಿಫ್,

ನಿನ್ನ ದೆವ್ವ ನಡೆಯುತ್ತಿದೆ. ಆಲೂಗಡ್ಡೆ ಹೊಲ ಉತ್ತಾಯಿತು. ಗೊಬ್ಬರ ಸಾಗಿಸಿಯಾಯಿತು. ಇಷ್ಟು ಬರೆದದ್ದಕ್ಕೆ ಮೀಸೆ ತಿರುವಬೇಡ.

ನೀನು ಯೋಚಿಸದ ಒಂದು ವಿಷಯ ಹೇಳುತ್ತೇನೆ. ಮೊದಲು ಟ್ರ್ಯಾಕ್ಟರಿನ ಸದ್ದು ಗುಡ್ಡದ ಈಚೆ ಬಂದ ಕೂಡಲೇ ಕುರಿಗಳು ತಾವಾಗಿಯೇ ಗೇಟಿನ ಹತ್ತಿರ ಬಂದು ನಿಲ್ಲುತ್ತಿದ್ದವು. ಈಗ ನಾನು ಅವುಗಳ ಪಕ್ಕಕ್ಕೇ ಹೋಗಿ ನಿಂತರೂ ತಲೆ ಎತ್ತುವುದಿಲ್ಲ. ಮರಿ ಹಾಕಿದ ಎರಡು ಕುರಿಗಳನ್ನು ಹುಡುಕಿಕೊಂಡು ಇಡೀ ಮಧ್ಯಾಹ್ನ ಕಲ್ಲುಗಳ ಮೇಲೆ ಹತ್ತಿ ಇಳಿದೆ. ಕೊನೆಗೆ ಒಂದು ತಗಡಿನ ಬಕೆಟ್ಟನ್ನು ಹಗ್ಗಕ್ಕೆ ಕಟ್ಟಿ ಗಾಡಿಯ ಹಿಂದೆ ಎಳೆದುಕೊಂಡು ಹೋದೆ. ಕುರಿಗಳು ಬಂದವು. ಯೋಸ್ಟೈನ್ ಅದನ್ನು ನೋಡಿ, ಮದುವೆಯ ಕಾರಿನ ಹಿಂದೆ ಕಟ್ಟುವ ಡಬ್ಬಗಳ ಹಾಗಿದೆ, ಮದುವೆ ಯಾರದು ಎಂದು ಕೇಳಿದ.

ಇಂಜಿನ್ನಿನ ಪೆಟ್ಟಿಗೆ ಎಲ್ಲಿದೆಯೋ ಅಲ್ಲೇ ಇರಲಿ. ಹುಲ್ಲಿನ ಕೆಲಸ ಹೇಗಾಗುತ್ತದೋ ನೋಡಿ ಹೇಳುತ್ತೇನೆ.

ತೂರ್ಗುನ್


ಲೋಮೊಯಾ, 4 ಆಗಸ್ಟ್ 2018
(ಟ್ರ್ಯಾಕ್ಟರಿನ ಸೀಟಿನ ಕೆಳಗೆ ಇಟ್ಟಿದ್ದೇನೆ)

ಐಲಿಫ್,

ಹೊರಗಿನ ಹುಲ್ಲುಗಾವಲು ಎರಡು ದಿನದಲ್ಲಿ ಮುಗಿಯಿತು. ಒಣಗಿಸಲು ಕಂಬಗಳ ನಡುವೆ ಕಟ್ಟಿದ ತಂತಿಗಳ ಮೇಲೆ ಹರಡಿದ ಹುಲ್ಲು ಐದನೆಯ ದಿನಕ್ಕೆ ಒಣಗಿತು. ಕೊಟ್ಟಿಗೆಯ ಅಟ್ಟ ತುಂಬಿದೆ. ಗಾಡಿ ಒಂದು ದಿನವೂ ಕೈಕೊಡಲಿಲ್ಲ. ಇದನ್ನು ಹೊಗಳಿಕೆ ಎಂದು ತಿಳಿಯಬೇಡ.

ಕೇಳದೆ ಮಾಡಿದ್ದಕ್ಕೆ ನನ್ನ ಸಿಟ್ಟು ಇಳಿದಿಲ್ಲ. ಆದರೆ ಈ ವರ್ಷ ಇಂಜಿನ್ ವಾಪಸ್ ಹಾಕು ಎಂದು ನಾನು ಪೀಡಿಸುವುದಿಲ್ಲ. ಫುಲ್ ಚಾರ್ಜ್ ಮಾಡಿ ಕಳಿಸಿದ್ದೇನೆ.

ತೂರ್ಗುನ್


ಸ್ಕಾರ್ವಿಕ್, 12 ಆಗಸ್ಟ್ 2018

ತೂರ್ಗುನ್,

ಪತ್ರ ಸಿಕ್ಕಿತು. ಹಾಗಾದರೆ ಇಂಜಿನ್ನಿನ ಮಾತು ಮುಗಿಯಿತು ಎಂದು ತಿಳಿದುಕೊಳ್ಳುತ್ತೇನೆ. ಡಿಸೆಂಬರ್ ಮೊದಲ ಶನಿವಾರ ಗಾಡಿ ನಿನ್ನ ಕಡೆಗೆ ಬರುತ್ತದೆ.

ಐಲಿಫ್


ಸ್ಕಾರ್ವಿಕ್, 10 ಫೆಬ್ರವರಿ 2019

ತೂರ್ಗುನ್,

ಎರಡನೇ ತಾರೀಖು ಶನಿವಾರ ನಿನ್ನ ಕಡೆಯಿಂದ ಬಂದ ಗಾಡಿ ಫೆರಿಯಿಂದ ಇಳಿದು ನನ್ನ ಷೆಡ್ಡಿನವರೆಗೆ ಬಂತು. ಮರುದಿನ ಕಾಡಿಗೆ ಹೋಗಿ ನಾಲ್ಕು ದಿಮ್ಮಿ ಎಳೆಯುವಷ್ಟರಲ್ಲಿ ನಿಂತಿತು. ಪೆಟ್ಟಿಗೆ ಬಿಚ್ಚಿ ಒಂದೊಂದೇ ಸೆಲ್ ಅಳೆದೆ. ಅರ್ಧಕ್ಕಿಂತ ಸ್ವಲ್ಪ ಕಡಿಮೆ ಸೆಲ್‌ಗಳು ಸತ್ತಿವೆ. ಕೆಲವು ಊದಿಕೊಂಡಿವೆ.

ಇದು ತಾನಾಗಿ ಆಗುವುದಿಲ್ಲ. ಇಂಥ ಸೆಲ್‌ಗಳು ಹೆಪ್ಪುಗಟ್ಟುವ ಚಳಿಯಲ್ಲಿ ಇರುವಾಗ ಚಾರ್ಜ್ ಮಾಡಿದರೆ ಒಳಗೇ ಹಾಳಾಗುತ್ತವೆ, ಮತ್ತೆ ಸರಿಹೋಗುವುದಿಲ್ಲ. ಹಾಗಾಗಬಾರದೆಂದೇ ಚಾರ್ಜರಿಗೆ ಚಳಿ ಅಳೆಯುವ ಸೆನ್ಸರ್ ಹಾಕಿದ್ದೆ. ಸೊನ್ನೆಗಿಂತ ಕೆಳಗಿದ್ದರೆ ಅದು ಚಾರ್ಜ್ ಆಗಲು ಬಿಡುವುದಿಲ್ಲ. ಕೆಂಪು ದೀಪ ಬರುತ್ತದೆ. ಕೆಂಪು ಬಂದರೆ ಕಾಯಿ ಎಂದು ಬರೆದಿದ್ದೆ. ನೀನು ಕಾಯಲಿಲ್ಲ. ಏನೋ ಮಾಡಿ ಅದನ್ನು ಮೋಸಗೊಳಿಸಿದ್ದೀಯ. ಏನು ಮಾಡಿದೆ ಎಂದು ತಿಳಿಯುವ ಹಕ್ಕು ನನಗಿದೆ.

ಎರಡು ತಿಂಗಳು ನಾನು ಬೆನ್ನು ಬಗ್ಗಿಸಿ ಕಟ್ಟಿದ್ದನ್ನು ನೀನು ಒಂದು ರಾತ್ರಿಯಲ್ಲಿ ಕೊಂದೆ.

ಐಲಿಫ್


ಲೋಮೊಯಾ, 17 ಫೆಬ್ರವರಿ 2019

ಮಾನ್ಯ ಐಲಿಫ್ ಅವರಿಗೆ,

ತಿಳಿಯುವ ಹಕ್ಕು ತಮಗಿದೆಯಂತೆ. ತಿಳಿಸುತ್ತೇನೆ.

ಶುಕ್ರವಾರ ಸಂಜೆ ಇಲ್ಲಿ ಸೊನ್ನೆಗಿಂತ ಹದಿಮೂರು ಡಿಗ್ರಿ ಕೆಳಗಿತ್ತು. ಬೆಳಿಗ್ಗೆ ಗಾಡಿ ಫೆರಿ ಹತ್ತಬೇಕು, ಬ್ಯಾಟರಿ ಕಾಲು ಭಾಗವೂ ಇರಲಿಲ್ಲ. ಖಾಲಿ ಗಾಡಿ ಕಳಿಸಿದವರು ನಮ್ಮ ಮನೆಯಲ್ಲಿ ಇಲ್ಲಿಯವರೆಗೆ ಯಾರೂ ಇಲ್ಲ. ಪ್ಲಗ್ ಹಾಕಿದೆ. ಕೆಂಪು ದೀಪ. ಕಾಯಿ ಎಂದು ತಾವು ಬರೆದಿದ್ದಿರಿ, ಕಾದೆ. ಊಟ ಮಾಡಿ ಬಂದರೂ ಕೆಂಪು, ಕುರಿಗಳಿಗೆ ನೀರಿಟ್ಟು ಬಂದರೂ ಕೆಂಪು. ಯಾಕೆ ಕೆಂಪು, ಎಷ್ಟು ಕಾಯಬೇಕು, ಯಾವುದಕ್ಕಾಗಿ ಕಾಯಬೇಕು, ಒಂದನ್ನೂ ತಾವು ಬರೆದಿರಲಿಲ್ಲ. ಅದು ನನಗೆ ಬೇಡದ ತಲೆನೋವು.

ಆಗ ನಾನು ಏನು ಮಾಡಿದೆ? ನಿಮ್ಮಪ್ಪ, ನಮ್ಮಪ್ಪ, ತಾವು, ನಾನು, ಎಲ್ಲರೂ ಪ್ರತಿ ಚಳಿಗಾಲದಲ್ಲೂ ಈ ಗಾಡಿಗೆ ಮಾಡಿದ್ದನ್ನೇ ಮಾಡಿದೆ. ಕೆಟಲ್ಲಿನಲ್ಲಿ ನೀರು ಕಾಯಿಸಿ, ಗೋಣಿಚೀಲ ಅದ್ದಿ ಹಿಂಡಿ, ತಣ್ಣಗಿದ್ದ ಜಾಗಕ್ಕೆ ಸುತ್ತಿದೆ. ಹಿಂದೆ ಕಾರ್ಬ್ಯುರೇಟರಿಗೆ ಸುತ್ತುತ್ತಿದ್ದೆವು. ಈಗ ಅದಿಲ್ಲ. ವೈರುಗಳನ್ನು ನೋಡುತ್ತಾ ಹೋದೆ, ಚಾರ್ಜರಿನಿಂದ ಬಂದ ಒಂದು ತೆಳ್ಳನೆಯ ವೈರ್ ಬ್ಯಾಟರಿ ಪೆಟ್ಟಿಗೆಯ ಹೊರಗೆ, ಒಂದು ಸಣ್ಣ ಕಪ್ಪು ಗುಂಡಿಗೆ ಸೇರಿತ್ತು. ಅದರ ಮೇಲೆ ಚೀಲ ಸುತ್ತಿದೆ. ಐದು ನಿಮಿಷದಲ್ಲಿ ಹಸಿರು ಬಂತು. ರಾತ್ರಿ ಎದ್ದು ಎರಡು ಸಲ ಚೀಲವನ್ನು ಮತ್ತೆ ಬಿಸಿನೀರಿಗೆ ಅದ್ದಿ ಸುತ್ತಿ ಬಂದೆ. ಬೆಳಿಗ್ಗೆ ಪೂರ್ತಿ ತುಂಬಿತ್ತು. ತಮಗೆ ಖಾಲಿ ಗಾಡಿ ಹೋಗಬಾರದೆಂದು ನಿದ್ದೆಗೆಟ್ಟು ತುಂಬಿಸಿದೆ.

ಈಗ ನಾನು ಕೇಳುತ್ತೇನೆ. ಒಳಗಿನ ಚಳಿ ಅಳೆಯಬೇಕಾದ ಸೆನ್ಸರನ್ನು ಹೊರಗೆ ಅಂಟಿಸಿದವರು ಯಾರು? ಮೋಟಾರಿನ ಬಗ್ಗೆ, ಚೌಕಟ್ಟಿನ ಬಗ್ಗೆ ಉದ್ದುದ್ದ ಬರೆದು, ಚಳಿಯಲ್ಲಿ ಚಾರ್ಜ್ ಮಾಡಬಾರದು ಎಂಬ ಒಂದು ಸಾಲು ಬರೆಯದವರು ಯಾರು? ಚಳಿಗಾಲವಿರುವ ಊರಿನಲ್ಲಿ ಕೂತು?

ಇಂಜಿನ್ ಪೆಟ್ಟಿಗೆಯಲ್ಲಿದೆಯಲ್ಲ. ಹೊರಗೆ ತೆಗೆಯಿರಿ. ಏಪ್ರಿಲ್ ಮೊದಲ ಶನಿವಾರಕ್ಕೆ ಅದು ಗಾಡಿಯೊಳಗಿರಬೇಕು.

ತೂರ್ಗುನ್


ಲೋಮೊಯಾ, 24 ಮಾರ್ಚ್ 2019

ಐಲಿಫ್,

ನಿನ್ನಿಂದ ಉತ್ತರ ಬಂದಿಲ್ಲ. ಯಾಕೆಂದು ಈಗ ಗೊತ್ತಾಯಿತು.

ಯೋಸ್ಟೈನನ ಮಗಳು ಪಟ್ಟಣದಲ್ಲಿ ಮೆಕ್ಯಾನಿಕ್ ಕೆಲಸ ಕಲಿಯುತ್ತಿದ್ದಾಳೆ. ಅವಳು ಅಪ್ಪನಿಗೆ ಕಳಿಸಿದ ಫೋಟೋವನ್ನು ಅವನು ನಿನ್ನೆ ನನಗೆ ತೋರಿಸಿದ. ತರಗತಿಯ ನಡುವೆ ಮೇಜಿನ ಮೇಲೆ ಒಂದು ಇಂಜಿನ್. ಉದ್ದಕ್ಕೆ ಅರ್ಧ ಕೊಯ್ದಿದ್ದಾರೆ, ಪಿಸ್ಟನ್‌ಗಳು ಕಾಣಲೆಂದು. ಗಾಳಿ ಹೋಗುವ ದಾರಿಗೆ ನೀಲಿ ಬಣ್ಣ, ಹೊಗೆಯ ದಾರಿಗೆ ಕೆಂಪು ಬಣ್ಣ ಬಳಿದಿದ್ದಾರೆ. ಮುಂದೆ ನಿನ್ನ ಹೆಸರಿನ ಚೀಟಿ, ಕೊಡುಗೆ ಎಂದು.

"ಇದು ನಿಮ್ದೇ ಅಲ್ವಾ? ನೀವಿಬ್ರೂ ಸೇರಿ ಕೊಟ್ಟಿದ್ದು ಅಂದ್ಕೊಂಡಿದ್ದೆ" ಅಂದ ಯೋಸ್ಟೈನ್. ಈ ಸಲ ಅವನು ನಗಲಿಲ್ಲ.

ನೀನು ನನ್ನ ಅರ್ಧವನ್ನೂ ಸೇರಿಸಿ ಕೊಟ್ಟೆ. ಆಗಸ್ಟ್‌ನಲ್ಲಿ ನಾನು ಬರೆದದ್ದು ಈ ವರ್ಷ ಪೀಡಿಸುವುದಿಲ್ಲ ಎಂದು. ಕೊಟ್ಟುಬಿಡು ಎಂದಲ್ಲ. ನಿನಗೆ ಕಿವಿ ಮಾತ್ರ ಕೆಟ್ಟಿದೆ ಎಂದುಕೊಂಡಿದ್ದೆ, ಓದಲೂ ಬರುವುದಿಲ್ಲ.

ಜುಲೈಗೆ ಇನ್ನು ಮೂರು ತಿಂಗಳಿದೆ. ಬ್ಯಾಟರಿ ಸತ್ತಿದೆ, ಇಂಜಿನ್ ಮೇಜಿನ ಮೇಲಿದೆ. ಹೊರಗಿನ ಹುಲ್ಲುಗಾವಲನ್ನು ಯಾವುದರಿಂದ ಕೊಯ್ಯಲಿ? ಬರೆ.

ತೂರ್ಗುನ್


ಸ್ಕಾರ್ವಿಕ್, 31 ಮಾರ್ಚ್ 2019

ತೂರ್ಗುನ್,

ಕೊಟ್ಟದ್ದು ನಿಜ. ಅಕ್ಟೋಬರಿನಲ್ಲಿ ಅಲ್ಲಿನ ಮೇಷ್ಟ್ರು ಬಂದು ಕೇಳಿದರು. ಅಂಥ ಇಂಜಿನ್ನನ್ನು ಆ ಮಕ್ಕಳು ಕಣ್ಣಲ್ಲೂ ಕಂಡಿರಲಿಲ್ಲ. ಕೊಯ್ಯುವ ದಿನ ನನ್ನನ್ನು ಕರೆದರು. ಒಂದು ಗಂಟೆ ನಿಂತು ಅದರ ಒಂದೊಂದು ಭಾಗವನ್ನೂ ವಿವರಿಸಿದೆ. ಅವರೆಲ್ಲ ಎದುರಿಗೆ ನಿಂತು ನಿಧಾನವಾಗಿ ಪ್ರಶ್ನೆ ಕೇಳಿದರು. ಪ್ರತಿಯೊಂದೂ ನನಗೆ ಅರ್ಥವಾಯಿತು. ಅಂಥ ದಿನ ಬಂದು ಬಹಳ ವರ್ಷಗಳಾಗಿದ್ದವು. ಇದನ್ನು ನೆಪವಾಗಿ ಬರೆಯುತ್ತಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ಸೆನ್ಸರ್ ಹೊರಗಿದ್ದದ್ದು ನನ್ನ ತಪ್ಪು. ಪೆಟ್ಟಿಗೆಯ ಮುಚ್ಚಳ ವೆಲ್ಡ್ ಮಾಡಿಯಾಗಿತ್ತು, ಮತ್ತೆ ಬಿಚ್ಚಲು ಬೇಸರವಾಯಿತು. ಆದರೆ ಕೆಂಪು ದೀಪಕ್ಕೆ ಬಿಸಿನೀರಿನ ಗೋಣಿಚೀಲ ಸುತ್ತುತ್ತಾರೆ ಎಂದು ಪ್ರಪಂಚದಲ್ಲಿ ಯಾವ ಎಲೆಕ್ಟ್ರಿಷಿಯನ್ ಊಹಿಸಿಯಾನು? ಅದನ್ನು ನನ್ನ ತಲೆಗೆ ಕಟ್ಟಬೇಡ.

ಈಗ ಕೆಲಸದ ಮಾತು. ಸತ್ತ ಸೆಲ್‌ಗಳನ್ನು ತೆಗೆದು, ಉಳಿದವನ್ನು ಮತ್ತೆ ಜೋಡಿಸಿದ್ದೇನೆ. ಸೆನ್ಸರನ್ನು ಒಳಗೆ, ಸೆಲ್‌ಗಳ ನಡುವೆ ಕೂರಿಸಿದ್ದೇನೆ. ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಶಕ್ತಿ ಉಳಿದಿದೆ. ನಿನ್ನ ಹುಲ್ಲುಗಾವಲಿನ ಅಳತೆ ನನಗೆ ಗೊತ್ತು. ಲೆಕ್ಕ ಹಾಕಿ ನೋಡಿದೆ. ಎರಡನೆಯ ಗೇರಿನಲ್ಲಿ, ನಿಲ್ಲಿಸದೆ ಕೊಯ್ದರೆ ಒಂದೇ ಚಾರ್ಜಿನಲ್ಲಿ ಮುಗಿಯುತ್ತದೆ, ಮನೆಗೆ ಮರಳಲೂ ಉಳಿಯುತ್ತದೆ. ಹುಲ್ಲು ಸಾಗಿಸುವುದನ್ನು ಬೇರೆ ದಿನ ಇಟ್ಟುಕೊ. ಒಳ್ಳೆಯ ಸೆಲ್‌ಗಳು ಸಿಕ್ಕಿದ ಮೇಲೆ ಉಳಿದದ್ದನ್ನು ತುಂಬಿಸುತ್ತೇನೆ.

ಹೊಸ ಟ್ರ್ಯಾಕ್ಟರಿಗೆ ದಾರಿ ಕೊಡದ ಸೇತುವೆ ಕಟ್ಟಿದವರು ನಿಮ್ಮಪ್ಪ. ಅದೂ ನನ್ನ ತಪ್ಪೇ?

ಶನಿವಾರ ಗಾಡಿ ಬರುತ್ತದೆ.

ಐಲಿಫ್


ಲೋಮೊಯಾ, 28 ಜುಲೈ 2019

ಐಲಿಫ್,

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ನಿನಗೆ ಅದೇ ಇಷ್ಟ.

ಹದಿನಾರನೇ ತಾರೀಖು ಬಿಸಿಲು ಬಂತು. ರೇಡಿಯೋದವರು ಎರಡು ದಿನ ಮಳೆಯಿಲ್ಲ ಅಂದರು. ಬೆಳಿಗ್ಗೆ ಪೂರ್ತಿ ಚಾರ್ಜ್ ಆಗಿದ್ದ ಗಾಡಿಯನ್ನು ಸೇತುವೆ ದಾಟಿಸಿದೆ. ಎರಡನೆಯ ಗೇರಿನಲ್ಲಿ, ನೀನು ಹೇಳಿದ ಹಾಗೆ. ಆದರೆ ನೀನು ಹೇಳಿದ ಹಾಗೆ ನಿಲ್ಲಿಸದೆ ಕೊಯ್ಯಲು ಆ ಹುಲ್ಲುಗಾವಲು ನಿನ್ನ ಮೇಜಿನ ಮೇಲಿನ ಕಾಗದವಲ್ಲ. ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟಿ ಉಬ್ಬಿ ಮೇಲಕ್ಕೆ ಎತ್ತಿಹಾಕಿದ ಕಲ್ಲುಗಳಿವೆ, ಪ್ರತಿಯೊಂದಕ್ಕೂ ಕೊಯ್ಯುವ ಪಟ್ಟಿಯನ್ನು ಎತ್ತಿ, ಹಿಂದೆ ಸರಿದು, ಸುತ್ತಿ ಬರಬೇಕು. ತಗ್ಗಿನಲ್ಲಿ ಹುಲ್ಲು ಒದ್ದೆಯಾಗಿರುತ್ತದೆ, ಹಲ್ಲುಗಳಿಗೆ ಸಿಕ್ಕಿಕೊಳ್ಳುತ್ತದೆ, ಇಳಿದು ಬಿಡಿಸಬೇಕು. ನೀನು ಕೊನೆಯ ಸಲ ಆ ಹುಲ್ಲುಗಾವಲಿನಲ್ಲಿ ಕಾಲಿಟ್ಟದ್ದು ಯಾವ ವರ್ಷ, ನೀನೇ ನೆನಪು ಮಾಡಿಕೊ. ನಿನ್ನ ಲೆಕ್ಕದಲ್ಲಿ ಕಲ್ಲುಗಳಿರಲಿಲ್ಲ.

ಮೂರರಲ್ಲಿ ಎರಡು ಪಾಲು ಮುಗಿದಿತ್ತು. ಸಮುದ್ರದ ಕಡೆಯ ಬೇಲಿಯ ಹತ್ತಿರ ಗಾಡಿ ನಿಧಾನವಾಯಿತು, ಆಮೇಲೆ ನಿಂತಿತು. ಅಲ್ಲಿ ಕರೆಂಟಿಲ್ಲ. ಎಳೆದುಕೊಂಡು ಬರಲು ಬೇರೆ ಯಾವ ಗಾಡಿಯೂ ಸೇತುವೆ ದಾಟುವುದಿಲ್ಲ. ಯೋಸ್ಟೈನ್ ಫೆರಿಯ ಕೆಲಸ ಮುಗಿಸಿ ಮೂವರನ್ನು ಕರೆತಂದ. ಸಂಜೆಯವರೆಗೆ ನೂಕಿದೆವು. ಸೇತುವೆಯ ಏರಿನಲ್ಲಿ ಅದು ಹಿಂದಕ್ಕೆ ಉರುಳಲು ಶುರುವಾಯಿತು, ಯೋಸ್ಟೈನ್ ಚಕ್ರಕ್ಕೆ ಕಲ್ಲು ಕೊಟ್ಟ.

"ಸಾಕು ತೂರ್ಗುನ್. ಗಾಡಿ ಹೋದ್ರೆ ಹೋಗ್ಲಿ, ನಮ್ ಕಾಲು ಉಳೀಲಿ" ಅಂದ.

ಅಲ್ಲಿಗೆ ಬಿಟ್ಟೆವು. ಮರುದಿನ ಬೆಳಿಗ್ಗೆ ಕುಡುಗೋಲು ಹಿಡಿದು ಹೋದೆವು. ಒಂದು ಅಂಚು ಕೊಯ್ಯುವಷ್ಟರಲ್ಲಿ ಮೋಡ ಬಂತು. ರೇಡಿಯೋದವರ ಎರಡು ದಿನ ಒಂದೇ ದಿನವಾಗಿತ್ತು. ಹತ್ತು ದಿನ ಮಳೆ ಬಿಡಲಿಲ್ಲ. ನಿಂತ ಹುಲ್ಲು ನೆಲಕ್ಕೆ ಮಲಗಿತು. ಕೊಯ್ದದ್ದರಲ್ಲೂ ತಂತಿಯ ಕೆಳಗಿನ ಸಾಲು ಕಪ್ಪಾಗಿದೆ. ಮೂಸಿದರೆ ಗೊತ್ತಾಗುತ್ತದೆ, ಕುರಿ ಅದನ್ನು ಮುಟ್ಟುವುದಿಲ್ಲ.

ಇವತ್ತು ಅಟ್ಟ ಹತ್ತಿ ಅಳೆದೆ. ಮನೆಯ ಹತ್ತಿರದ ಹುಲ್ಲನ್ನೂ ಸೇರಿಸಿ, ಮೂವತ್ತೊಂದು ಕುರಿಗೆ ಮೇ ತಿಂಗಳವರೆಗೆ ಸಾಲುತ್ತದೆ. ಮೇವು ಕೊಂಡು ತರಬಹುದು ಎಂದು ಬರೆಯಬೇಡ. ಈ ವರ್ಷ ಇಡೀ ಕರಾವಳಿಯಲ್ಲಿ ಮಳೆ, ಮಾರುವಷ್ಟು ಹುಲ್ಲು ಯಾರ ಹತ್ತಿರವೂ ಇಲ್ಲ. ಕೇಳಿ ನೋಡಿದ್ದೇನೆ.

ಒಂಬತ್ತು ಹೆಣ್ಣು ಕುರಿಗಳು ಕಸಾಯಿಖಾನೆಗೆ ಹೋಗಬೇಕು. ಮುದಿಯಾದವುಗಳನ್ನು ಕಳೆದ ಶರತ್ಕಾಲದಲ್ಲೇ ಕಳಿಸಿದ್ದೇನೆ. ಇರುವವೆಲ್ಲ ಮರಿ ಹಾಕುವ ವಯಸ್ಸಿನವು, ಎಲ್ಲವೂ ಇಲ್ಲೇ ಹುಟ್ಟಿದವು.

ಗಾಡಿ ಸೇತುವೆಯ ಆಚೆ ಕಲ್ಲುಕೊಟ್ಟು ನಿಲ್ಲಿಸಿದಲ್ಲೇ ಇದೆ. ನಿನ್ನ ಸರದಿ ಆಗಸ್ಟ್ ಮೂರಕ್ಕೆ ಶುರು. ಅದು ಬರುವುದಿಲ್ಲ. ಅದನ್ನು ಹೇಗೆ ಹೊರಗೆ ತರುತ್ತೀಯೋ ನಿನಗೆ ಬಿಟ್ಟದ್ದು. ಮುಂದೆ ಅದರೊಳಗೆ ಏನು ಕೂರಿಸುವುದಾದರೂ ನನ್ನ ಎದುರಿಗೆ, ನಾನು ಒಂದೊಂದನ್ನೂ ಕೇಳಿ ತಿಳಿದುಕೊಂಡ ಮೇಲೆ ಕೂರಿಸಬೇಕು. ಅದು ಬೇರೆ ಮಾತು, ಆಮೇಲೆ ನೋಡೋಣ.

ಮೊದಲು ಇದು. ಸೆಪ್ಟೆಂಬರ್ ಹದಿನಾಲ್ಕಕ್ಕೆ ಕುರಿಗಳನ್ನು ಗುಡ್ಡದಿಂದ ಇಳಿಸಿ ಬೇಲಿಯೊಳಗೆ ಕೂಡುತ್ತೇವೆ. ನೀನು ಬರಬೇಕು. ಒಂದೊಂದನ್ನೇ ಕೊಂಬು ಹಿಡಿದು ನಿನ್ನ ಮುಂದೆ ನಿಲ್ಲಿಸುತ್ತೇನೆ. ಹಲ್ಲು ನೋಡು, ಕೆಚ್ಚಲು ನೋಡು, ಬೆನ್ನಿನ ಮೇಲೆ ಕೈಯಿಟ್ಟು ನೋಡು. ಇದಕ್ಕೆ ಎಷ್ಟು ಮರಿಗಳಾಗಿವೆ ಎಂದು ಕೇಳು, ಹೇಳುತ್ತೇನೆ. ಆಮೇಲೆ ಯಾವ ಒಂಬತ್ತು ಎಂದು ನೀನೇ ಆರಿಸು. ಆರಿಸಿದ್ದರ ಬೆನ್ನಿಗೆ ನೀನೇ ಬಣ್ಣದ ಗುರುತು ಹಾಕು. ನಾನು ಪಕ್ಕದಲ್ಲಿ ನಿಂತಿರುತ್ತೇನೆ, ಇದು ಬೇಡ ಅದು ಎಂದು ಒಂದು ಮಾತೂ ಆಡುವುದಿಲ್ಲ.

ಉತ್ತರ ಬರೆಯಬೇಡ. ಬೆಳಗಿನ ಮೊದಲ ಫೆರಿಗೆ ಬಾ. ಬೇಲಿಯೊಳಗೆ ಕೆಸರಿರುತ್ತದೆ, ಗಂಬೂಟು ಹಾಕಿಕೊಂಡು ಬಾ.

ತೂರ್ಗುನ್